ಬಾರು ಎಳೆದವಳು ಉಳಿ ಹಿಡಿದ ಊರು

ಬೆಂಗಳೂರು ಸ್ಟೇಷನ್

ಮಂಗಳೂರಿಗೆ ಟಿಕೆಟು ಕೊಡಿ ಎಂದು ಕೇಳಿದ್ದೇ ಎಡವಟ್ಟಾಯಿತು. ಕಿಟಕಿಯೊಳಗಿದ್ದವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಈ ರೈಲು ಆ ಕಡೆ ಹೋಗೋದಿಲ್ಲಮ್ಮ, ಘಟ್ಟ ಇಳೀಬೇಕು" ಎಂದರು. ಹಿಂದೆ ನಿಂತಿದ್ದವರು ಒಬ್ಬೊಬ್ಬರು ಒಂದೊಂದು ದಾರಿ ಹೇಳಿದರು. ಒಬ್ಬಾಕೆಯಂತೂ, ಸಮುದ್ರದ ನೀರು ಬಾಟಲಿಯಲ್ಲಿ ತುಂಬಿಕೊಂಡು ಬಾ, ಕೀಲು ನೋವಿಗೆ ಒಳ್ಳೆಯದು ಎಂದಳು.

ನಾನು ಹೋಗಬೇಕಾಗಿದ್ದ ಮಂಗಳೂರಿನಲ್ಲಿ ಸಮುದ್ರವಿಲ್ಲ. ಅದು ನಿಜಾಮರ ಸೀಮೆಯ ಹಳ್ಳಿ, ಯಲಬುರ್ಗಾ ಕಡೆಯದು. ಕೊಪ್ಪಳದಲ್ಲಿ ಇಳಿದು ಹೋಗಬೇಕು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ಯಜಮಾನರು ಹೋದ ಮೇಲೆ ಅಪರಿಚಿತರೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಾನು ಚನ್ನಪಟ್ಟಣದವಳು, ಹೆಸರು ಕೆಂಪಮ್ಮ. ನಮ್ಮದು ಕಡಸಲು ಕೆಲಸದ ಮನೆ. ಮರದ ತುಂಡನ್ನು ಕಬ್ಬಿಣದ ಕದಿರಿಗೆ ಸಿಕ್ಕಿಸಿ, ಅದು ತಿರುಗುವಾಗ ಉಳಿ ಕೊಟ್ಟು ದುಂಡಗೆ ಮಾಡುವುದಕ್ಕೆ ನಮ್ಮ ಕಡೆ ಕಡಸಲು ಎನ್ನುತ್ತೇವೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಕದಿರಿಗೆ ಸುತ್ತಿದ ತೊಗಲಿನ ಬಾರನ್ನು ಎರಡು ಕೈಯಲ್ಲೂ ಹಿಡಿದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯಬೇಕು. ಇನ್ನೊಬ್ಬರು ಎದುರಿಗೆ ಕೂತು ಉಳಿ ಹಿಡಿಯಬೇಕು. ಉಳಿ ಗಂಡಸಿನದು, ಬಾರು ಹೆಂಗಸಿನದು. ಮದುವೆಯಾಗಿ ಬಂದ ವರ್ಷದಿಂದ ನಾನು ಬಾರು ಎಳೆದವಳು. ಯಜಮಾನರು ಊಟಕ್ಕೆ ಎದ್ದು ಹೋದಾಗ ನಾದಿನಿಯ ಕೈಗೆ ಬಾರು ಕೊಟ್ಟು ಸಣ್ಣ ಪುಟ್ಟ ಬುಗುರಿ, ಕುಂಕುಮದ ಭರಣಿ ಮಾಡುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ನಿಧಾನವಾಗಿ ಕೈ ತೊಳೆದುಕೊಂಡು ಬರುತ್ತಿದ್ದರು.

ಯುದ್ಧ ನಡೆಯುತ್ತಿದ್ದ ಕಾಲ. ತಾಮ್ರ ಹಿತ್ತಾಳೆ ಅಂಗಡಿಯಲ್ಲಿ ಕಣ್ಣಿಗೆ ಬೀಳುತ್ತಿರಲಿಲ್ಲ. ಗೊಂಬೆ ಕೊಳ್ಳಲು ನಮ್ಮೂರಿಗೆ ಬಂದಿದ್ದ ಶರಣಪ್ಪ ಎಂಬ ಸಾವಕಾರರು ಯಜಮಾನರನ್ನು ಕಂಡು, "ನಮ್ಮ ಮಂಗಳೂರಿಗೆ ಬಂದು ಮರದ ಭರಣಿ ಮಾಡಿಕೊಡ್ರಿ, ಮರ ನಾವ ಕೊಡ್ತೀವಿ" ಎಂದು ಹೇಳಿ ಹೋಗಿದ್ದರು. ಯಜಮಾನರು ಒಪ್ಪಿದ್ದರು. ಆಮೇಲೆ ಜ್ವರ ಬಂತು, ಹೋಗಿಯೇಬಿಟ್ಟರು. ವರ್ಷ ತುಂಬುವ ಮೊದಲೇ ಮೈದುನ ಬಂದು ಉಳಿಗಳನ್ನು ಕೇಳಿದ. ಹೆಂಗಸಿಗೆ ಅವುಗಳಿಂದ ಏನು ಪ್ರಯೋಜನ ಎನ್ನುವುದು ಅವನ ಮಾತು. ತವರಿನಿಂದ ಬಂದ ನನ್ನ ಅಣ್ಣ, ನಮ್ಮ ಮನೆಗೆ ಬಂದು ಇರು, ಅಡುಗೆ ನೋಡಿಕೊಂಡರಾಯಿತು ಎಂದ. ಇಬ್ಬರೂ ಕೆಟ್ಟವರಲ್ಲ. ನಾನು ಕದಿರು, ಉಳಿ, ಬಾರು ಎಲ್ಲವನ್ನೂ ಒಂದು ಕಂಬಳಿಯಲ್ಲಿ ಸುತ್ತಿ ರೈಲು ಹತ್ತಿದೆ.

ಮುನಿರಾಬಾದ್

ಹೊಸಪೇಟೆ ಬಿಟ್ಟು ಸೇತುವೆಯ ಮೇಲೆ ರೈಲು ದಾಟುವಾಗ ಹೆಂಗಸರ ಡಬ್ಬಿಯಲ್ಲಿದ್ದ ಎಲ್ಲರೂ ತುಂಗಭದ್ರೆಗೆ ಕೈ ಮುಗಿದರು. ನಾನೂ ಮುಗಿದೆ. ಆಚೆ ದಡ ಸೇರಿದರೆ ಬೇರೆ ರಾಜ್ಯ. ಬೋರ್ಡಿನ ಮೇಲಿನ ಅಕ್ಷರ ಬಲಗಡೆಯಿಂದ ಎಡಕ್ಕೆ ಓಡುತ್ತಿತ್ತು. ನಮ್ಮ ನಾಣ್ಯ ಅಲ್ಲಿ ನಡೆಯುತ್ತಿರಲಿಲ್ಲ. ಬಂಡೆಗಳು ಮಾತ್ರ ನದಿಯ ಈಚೆಗೂ ಆಚೆಗೂ ಒಂದೇ ಥರ ಬಿದ್ದಿದ್ದವು.

ಸುಂಕದವರು ಡಬ್ಬಿ ಡಬ್ಬಿಗೂ ಬಂದರು. ನನ್ನ ಕಂಬಳಿ ಬಿಚ್ಚಿಸಿದರು. ಒಳಗಿದ್ದ ಕೊಕ್ಕೆ ಉಳಿಯನ್ನು ಕಂಡು ಅವರ ಮುಖ ಬದಲಾಯಿತು. ಭರಣಿಯ ಹೊಟ್ಟೆಯೊಳಗೆ ಹೋಗಿ ಕೆರೆಯುವುದಕ್ಕೆ ತುದಿ ಬಾಗಿಸಿದ ಮೊಳದುದ್ದದ ಉಳಿ ಅದು. ಅಧಿಕಾರಿ ಉರ್ದುವಿನಲ್ಲಿ ಏನೋ ಕೇಳಿದರು. ಪಕ್ಕದಲ್ಲಿದ್ದ ಪೇದೆ ಕನ್ನಡದಲ್ಲಿ ಹೇಳಿದ.

"ಸಾಹೇಬ್ರು ಕೇಳಾಕತ್ತಾರ, ಕನ್ನ ಕೊರಿಯೂ ಸಾಮಾನು ಒಬ್ಬ ಹೆಣ್ಮಗಳ ಹತ್ರ ಹ್ಯಾಂಗ ಬಂತು ಅಂತ."

ಡಬ್ಬಿಯವರೆಲ್ಲ ತಮ್ಮ ತಮ್ಮ ಗಂಟುಗಳನ್ನು ಹತ್ತಿರಕ್ಕೆಳೆದುಕೊಂಡರು. ಅಲ್ಲಿಯವರೆಗೆ ನನ್ನ ಹೆಗಲಿಗೆ ತಲೆ ಕೊಟ್ಟು ನಿದ್ದೆ ಮಾಡುತ್ತಿದ್ದ ಮುದುಕಿಯೂ ಸರಿದು ಕೂತಳು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ನಾನು ಸೀರೆಯ ಗಂಟಿನಿಂದ ಒಂದು ಸಣ್ಣ ಭರಣಿ ತೆಗೆದುಕೊಟ್ಟೆ. ಅಧಿಕಾರಿ ಮುಚ್ಚಳ ತೆಗೆದರು. ಗಾಳಿ ಎಳೆದುಕೊಂಡು 'ಠಪ್' ಎಂದಿತು. ಮತ್ತೆ ಮುಚ್ಚಿದರು, ಮತ್ತೆ ತೆಗೆದರು. ಮೀಸೆಯ ಕೆಳಗೆ ನಗು ಬಂತು. ಬೆರಳನ್ನು ಒಳಗೆ ಹಾಕಿ, ಕೊಕ್ಕೆ ಉಳಿಯನ್ನು ನೋಡಿ, ತಲೆಯಾಡಿಸಿ, ಕಂಬಳಿಯನ್ನು ತಾವೇ ಸುತ್ತಿಕೊಟ್ಟರು. ಭರಣಿಯನ್ನೂ ವಾಪಸು ಕೊಟ್ಟರು. ಇಟ್ಟುಕೊಳ್ಳಿ ಎಂದು ಸನ್ನೆ ಮಾಡಿದೆ. ಅವರು ಕಿವಿ ಮುಟ್ಟಿಕೊಂಡು ಬೇಡವೆಂದು ಕೆಳಗಿಳಿದರು.

ಮುದುಕಿ ಮಾತ್ರ ಮತ್ತೆ ನನ್ನ ಹೆಗಲಿಗೆ ಒರಗಲಿಲ್ಲ.

ಕೊಪ್ಪಳ

ಪೆಟ್ರೋಲಿಲ್ಲದ ಕಾಲವಾದ್ದರಿಂದ ಬಸ್ಸಿನ ಹಿಂದೆ ಒಂದು ದೊಡ್ಡ ಉರುಳೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯಿಂದ ಓಡಿಸುತ್ತಿದ್ದರು. ಬೆಳಿಗ್ಗೆ ಹೊರಡಬೇಕಾದ ಬಸ್ಸಿಗೆ ಮಧ್ಯಾಹ್ನವಾದರೂ ಹೊಗೆ ಹತ್ತಲಿಲ್ಲ. ಕ್ಲೀನರು ಗಾಳಿ ಊದುವ ಹಿಡಿಯನ್ನು ತಿರುವಿ ತಿರುವಿ ಸೋತು ನೆರಳಿಗೆ ಬಂದು ಕೂತ.

"ಯಾವಾಗ ಹೊರಡುತ್ತೆ?" ಎಂದು ಕೇಳಿದೆ.

"ಹೊಂಡ್ತೈತ್ರೀ ಅವ್ವಾರ."

"ಅದೇ, ಯಾವಾಗ?"

"ಹೊಂಡೂ ಹೊತ್ತಿಗೆ ಹೊಂಡ್ತೈತ್ರಿ."

ಸುತ್ತಲಿದ್ದ ಹೆಂಗಸರು ನಕ್ಕರು. ಅವನ ಮಾತಿಗಲ್ಲ, ನನ್ನ 'ಹೊರಡುತ್ತೆ'ಗೆ. ಒಬ್ಬಾಕೆ ಅದನ್ನು ತನ್ನ ಬಾಯಲ್ಲಿ ಹೇಳಿ ನೋಡಿದಳು. ನನ್ನ ಮಾತು ಅವರಿಗೆ ಪುಸ್ತಕ ಓದಿದ ಹಾಗೆ ಕೇಳಿಸುತ್ತಿತ್ತಂತೆ. ಅವರು ಬೇಗ ಬೇಗ ಆಡಿದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಉರ್ದುವಿನ ಅಧಿಕಾರಿಯ ಮುಂದೆ ನಾನು ಪರದೇಶಿ ಎನಿಸಿದ್ದು ಸಹಜ. ಕನ್ನಡದ ಹೆಂಗಸರ ನಡುವೆ ಕೂತು ಹಾಗೆನಿಸಿದಾಗ ನನಗೆ ನಿಜವಾಗಿಯೂ ಊರು ದೂರವಾಯಿತು.

ಆದರೂ ಉಣ್ಣದೆ ಕೂತದ್ದನ್ನು ನೋಡಿ ಅದೇ ಹೆಂಗಸರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಒಂದು ಹಸಿ ಉಳ್ಳಾಗಡ್ಡಿ. ರಾಗಿ ಮುದ್ದೆ ನುಂಗಿ ಬೆಳೆದ ಗಂಟಲು ನನ್ನದು, ರೊಟ್ಟಿಯನ್ನೂ ಅಗಿಯದೆ ನುಂಗಲು ಹೋಗಿ ಕೆಮ್ಮಿದೆ. "ಅಗೀರಿ ಅಕ್ಕಾರ, ಅಗೀರಿ, ಹಲ್ಲು ಅದಾವಿಲ್ಲೋ?" ಎಂದು ಬೆನ್ನು ಗುದ್ದಿದರು.

"ಒಬ್ಬಾಕೀನ ಹೊಂಟೀರಲ್ಲ, ಮನಿಯವರು?"

"ಇಲ್ಲ."

"ಮಕ್ಕಳು?"

"ಇಲ್ಲ."

ಅವರು ಇನ್ನೊಂದು ರೊಟ್ಟಿ ಹಾಕಿದರು. ಸಂಜೆಯ ಹೊತ್ತಿಗೆ ಬಸ್ಸಿಗೆ ಹೊಗೆ ಹತ್ತಿತು. ಏರು ಬಂದಲ್ಲೆಲ್ಲ ನಾವು ಇಳಿದು ನಡೆದೆವು, ಬಸ್ಸು ನಮ್ಮ ಹಿಂದೆ ನಿಧಾನವಾಗಿ ಬಂತು.

ಮಂಗಳೂರು

ನೋಡಿದಷ್ಟು ದೂರವೂ ಕಪ್ಪು ಎರೆ ಹೊಲ. ಮರವೆಂದರೆ ಅಲ್ಲೊಂದು ಬೇವು, ಇಲ್ಲೊಂದು ಜಾಲಿ. ನಮ್ಮೂರಲ್ಲಿ ಉಳಿಗೆ ಬೆಣ್ಣೆಯಂತೆ ಸಿಗುವ ಬಿಳಿ ಆಲೆ ಮರದ ಹೆಸರೂ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾವಕಾರ ಶರಣಪ್ಪನವರು ಬಾಗಿಲಿಗೆ ಬಂದು, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಓಣಿಯ ಉದ್ದಕ್ಕೂ ನೋಡಿದರು.

"ಮಾಸ್ತರು ಎಲ್ಲಿ ಅದಾರ್ರಿ?"

ಹೇಳಿದೆ. ಅವರು ತಲೆಯ ಮೇಲಿನ ರುಮಾಲು ಸರಿಪಡಿಸಿಕೊಂಡರು. "ಹಂಗಾರ ಕೆಲಸ ಯಾರು ಮಾಡವರು?"

"ನಾನೇ."

"ಹೆಣ್ಮಗಳು ಉಳಿ ಹಿಡದದ್ದು ನಾ ನೋಡಿಲ್ರಿ ಅಕ್ಕಾರ. ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಳೆ ಬಸ್ಸಿಗೆ..."

ಒಳಗಿನಿಂದ ಅವರ ತಾಯಿ ನೀಲವ್ವನವರು ಬಂದರು. ಬೆನ್ನು ಬಾಗಿದ ಮುದುಕಿ, ದನಿ ಮಾತ್ರ ಗಟ್ಟಿ. "ನೀ ಸುಮ್ನಿರೋ ಶರಣ್ಯಾ. ಆಕಿ ಅಷ್ಟು ದೂರದಿಂದ ಬಂದಾಳ. ಮೊದಲ ಕಾಲಿಗೆ ನೀರು ಕೊಡು."

ದನದ ಕೊಟ್ಟಿಗೆಯ ಪಕ್ಕದ ಪಡಸಾಲೆಯಲ್ಲಿ ಎರಡು ಗೂಟ ನೆಟ್ಟು ಕದಿರು ಕೂರಿಸಿಕೊಂಡೆ. ಬಾರು ಎಳೆಯುವುದಕ್ಕೆ ಕೂಲಿಯ ಹೆಂಗಸು ಹನುಮವ್ವನನ್ನು ಕೊಟ್ಟರು. ನನಗಿಂತ ಸಣ್ಣ ಪ್ರಾಯ, ಗಟ್ಟಿ ತೋಳು. ತವರು ಅಳವಂಡಿ. ಗಂಡ ದುರುಗಪ್ಪ ಭತ್ತದ ಗದ್ದೆಯ ಕೆಲಸಕ್ಕೆಂದು ಗಂಗಾವತಿಗೆ ಹೋದವನ ಸುದ್ದಿಯಿಲ್ಲ. ಅವಳು ಬಾರಿಗೆ ಮಿಣಿ ಎನ್ನುತ್ತಿದ್ದಳು, ಬಾವಿಯಿಂದ ನೀರು ಸೇದುವವಳ ಹಾಗೆ ಜಗ್ಗುತ್ತಿದ್ದಳು.

ಭರಣಿಯ ಹೊರಮೈ ಮಾಡುವಾಗ ಕಣ್ಣಿಗೆ ಎಲ್ಲ ಕಾಣುತ್ತದೆ. ಒಳಗಿನ ಹೊಟ್ಟೆ ತೆಗೆಯುವುದು ಹಾಗಲ್ಲ. ಬಾಯಿ ಸಣ್ಣದು, ಒಳಗೆ ಕತ್ತಲೆ. ಕೊಕ್ಕೆ ಉಳಿ ಎಲ್ಲಿ ಕೆರೆಯುತ್ತಿದೆ, ಗೋಡೆ ಎಷ್ಟು ದಪ್ಪ ಉಳಿದಿದೆ ಎಂಬುದನ್ನು ಸದ್ದಿನಿಂದಲೇ ತಿಳಿಯಬೇಕು. ಮರ ನಮ್ಮ ಕಡೆಗೆ ತಿರುಗುವಾಗ ಉಳಿ ಕೊಡಬೇಕು, ಬಾರು ವಾಪಸು ಹೋಗುವಾಗ ಎತ್ತಬೇಕು. ಈ ಸದ್ದು ನನಗೆ ಚೆನ್ನಾಗಿ ಗೊತ್ತು ಎಂಬ ಧೈರ್ಯದಿಂದಲೇ ಬಂದಿದ್ದೆ. ಆದರೆ ದೊಡ್ಡ ಭರಣಿಯ ಸದ್ದನ್ನು ಅಷ್ಟು ವರ್ಷ ನಾನು ಕೇಳಿದ್ದು ಬಾರಿನ ತುದಿಯಲ್ಲಿ ಕೂತು. ಉಳಿಯ ಪಕ್ಕದಲ್ಲಿ ಅದು ಬೇರೆಯಾಗಿ ಕೇಳಿಸಿತು. ಹನುಮವ್ವ ಒಂದು ಸಲ ಜಗ್ಗಿದ ಹಾಗೆ ಇನ್ನೊಂದು ಸಲ ಜಗ್ಗುತ್ತಿರಲಿಲ್ಲ. ಬೇವಿನ ಮರ ಗಟ್ಟಿ. ಕೊಕ್ಕೆ ಗೋಡೆಗೆ ಸಿಕ್ಕಿಕೊಂಡಿತು. ಮರ ಕದಿರಿನಿಂದ ಕಿತ್ತು ಬಂದು ನನ್ನ ಕೆನ್ನೆಗೆ ಬಡಿದು, ಕೊಟ್ಟಿಗೆಯ ಎತ್ತಿನ ಕಾಲ ಬಳಿ ಹೋಗಿ ಬಿತ್ತು.

ಸಾವಕಾರರು ಬಂದು ನೋಡಿದರು. ಬೈಯಲಿಲ್ಲ. "ಅರಿಶಿಣ ಹಚ್ರಿ" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ತುಂಡೂ ಹಾಗೇ ಆಯಿತು. ಹನುಮವ್ವ ಬಾರು ಕೆಳಗಿಟ್ಟು, "ನನ್ನ ತಪ್ಪ ಏನಂತ ಹೇಳ್ರಿ ಅಕ್ಕಾರ. ನೀವು ಹಲ್ಲು ಕಚ್ಚಿ ಸುಮ್ನ ಕುಂದರತೀರಿ. ನನಗ ಹ್ಯಾಂಗ ತಿಳೀಬೇಕು?" ಎಂದಳು.

ಹೇಳುವುದು ಹೇಗೆ? ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ, "ನೀನು ಇಲ್ಲಿ ಬಾ, ಉಳಿ ಹಿಡಿ, ನಾನು ಎಳೆಯುತ್ತೇನೆ" ಎಂದೆ.

ಒಂದು ಚೂರು ಮರ ಸಿಕ್ಕಿಸಿ ನಾನು ಎದುರಿಗೆ ಕೂತು ಬಾರು ತೆಗೆದುಕೊಂಡೆ. ಯಜಮಾನರು ಜ್ವರ ಬಂದು ಮಲಗಿದ ಮೇಲೆ ನಾನು ಅದನ್ನು ಎಳೆದಿರಲಿಲ್ಲ. ನಾಲ್ಕು ಸಲ ಎಳೆಯುವಷ್ಟರಲ್ಲಿ ತೋಳಿಗೆ ಎಲ್ಲವೂ ನೆನಪಾಯಿತು. ಆ ತುದಿಯಲ್ಲಿ ಉಳಿ ಮರಕ್ಕೆ ಹತ್ತಿದ್ದು ಬಾರಿನಲ್ಲಿ ಸಣ್ಣಗೆ ಹರಿದು ಅಂಗೈಗೆ ಬಂತು. ಎಂದಿನ ಹಾಗೆಯೇ ಬಂತು. ತಲೆಯೆತ್ತಿದರೆ ಎದುರಿಗೆ ಇದ್ದವಳು ಹನುಮವ್ವ. ನನಗೆ ಅಳು ತಡೆಯಲಾಗಲಿಲ್ಲ. ಆದರೆ ಕೈ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ಅವಳ ಕೈಗೆ ಉಳಿ ತಗಲುತ್ತಿತ್ತು.

ಹನುಮವ್ವ ನೋಡಿಯೂ ನೋಡದವಳಂತೆ ಉಳಿ ಹಿಡಿದು ಕೂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಈಗ ತಿಳೀತ್ರಿ" ಎಂದಳು. "ನೀವು ಮಿಣಿ ಎಳೆಯೂದಿಲ್ಲ. ಆ ಕಡಿಯವರ ಕೈ ಹಿಡಕೊಂಡಂಗ ಹಿಡೀತೀರಿ."

ಆಮೇಲೆ ತುಂಡು ಕಿತ್ತು ಬರಲಿಲ್ಲ. ಮೊದಲ ಭರಣಿ ಇಳಿಸಿದ ದಿನ ನೀಲವ್ವನವರು ಅದರಲ್ಲಿ ಮಜ್ಜಿಗೆ ತುಂಬಿಸಿದರು. ಒಂದು ಹನಿ ಸೋರಲಿಲ್ಲ. ಮನೆಯವರೆಲ್ಲ ಕುಡಿಯಲು ಕೂತರು. ಮೊದಲು ಕುಡಿದ ಸಾವಕಾರರ ಮುಖ ಕಿವುಚಿತು. ಬೇವಿನ ಕಹಿಯೆಲ್ಲ ಮಜ್ಜಿಗೆಗೆ ಇಳಿದಿತ್ತು.

"ಹುಳಾ ಹತ್ತೂದಿಲ್ಲಂತ ನಾನ ಬೇವು ತರಿಸಿದ್ದೆ" ಎಂದರು ಸಾವಕಾರರು.

"ಹುಳಾ ಅಷ್ಟ ಅಲ್ಲ, ಮನಷ್ಯಾರೂ ಹತ್ತೂದಿಲ್ಲ" ಎಂದರು ನೀಲವ್ವ.

ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಬೇವಿನ ಭರಣಿ ಕಾಳು ಕಡಿಗೆ ಆಯಿತು. ಮಾವಿನ ಮರವಾದರೆ ಕಹಿ ಬಿಡುವುದಿಲ್ಲ ಎಂದೆ. ಮಾವು ಬೇಕಾದರೆ ಗಂಗಾವತಿಗೆ ಹೋಗಬೇಕು ಎಂದರು. ಹನುಮವ್ವ ಕೊಟ್ಟಿಗೆಯ ಕಸ ಗುಡಿಸುತ್ತಿದ್ದವಳು ಪೊರಕೆ ಹಿಡಿದ ಹಾಗೆಯೇ ನಿಂತಳು.

ಗಂಗಾವತಿ

ಸಾವಕಾರರ ಗಾಡಿಯಲ್ಲಿ ನಾವಿಬ್ಬರು ಹಿಂದೆ ಕೂತೆವು. ಗಾಡಿ ಹೊಡೆಯುವ ಮುದುಕನಿಗೆ ಕಿವಿ ಮಂದ, ಅವನ ಪಾಡಿಗೆ ಎತ್ತುಗಳೊಡನೆ ಮಾತಾಡುತ್ತಿದ್ದ. ಎರಡು ದಿನದ ದಾರಿಯಲ್ಲಿ ಹನುಮವ್ವ ಗಂಡನ ಮಾತನ್ನು ಎತ್ತಲಿಲ್ಲ. ಸೀರೆ ಮಾತ್ರ ಒಗೆದದ್ದು ಉಟ್ಟಿದ್ದಳು.

ಒಣ ಹೊಲಗಳ ನಡುವೆ ಬಂದ ಕಣ್ಣಿಗೆ ಗಂಗಾವತಿಯ ಹಸಿರು ಕುಕ್ಕಿತು. ಹಳೆಯ ಕಾಲುವೆಗಳಲ್ಲಿ ನೀರು ತುಂಬಿ ಹರಿಯುತ್ತಿತ್ತು. ಗದ್ದೆಯ ಬದುವಿನಲ್ಲಿ ನಿಂತು ಮಾತಾಡುವವರ ಕನ್ನಡದಲ್ಲಿ ತೆಲುಗು ಬೆರೆತಿತ್ತು. ಅಲ್ಲಿ ಹನುಮವ್ವನೂ ನನ್ನ ಹಾಗೆಯೇ ಹೊರಗಿನವಳು. "ಅಕ್ಕಾರ, ಇವರು ಏನಂತಾರ್ರಿ?" ಎಂದು ನನ್ನನ್ನು ಕೇಳಿದಳು! ನನಗೆ ಬೆಂಗಳೂರು ಪೇಟೆಯಲ್ಲಿ ಕಲಿತ ನಾಲ್ಕು ತೆಲುಗು ಮಾತು ಬರುತ್ತಿತ್ತು. ಆ ನಾಲ್ಕು ಮಾತಿನಿಂದಲೇ ನಾವು ದುರುಗಪ್ಪನನ್ನು ಹುಡುಕಿದೆವು.

ಕಾಲುವೆಯ ದಂಡೆಯ ಒಂದು ಗುಡಿಸಲಿನ ಮುಂದೆ ಅವನು ಬಿಸಿಲಿಗೆ ಕೂತಿದ್ದ. ಚಳಿಜ್ವರ ಬಂದು ಬಂದು ಮುಖದಲ್ಲಿ ಬರಿ ಮೂಳೆ ಉಳಿದಿತ್ತು. ಹನುಮವ್ವ ಹತ್ತಿರ ಹೋಗಿ ನಿಂತಳು. ಅವನು ಮೇಲೇಳಲು ನೋಡಿ ಮತ್ತೆ ಕೂತ.

"ಸತ್ತೀದಿ ಅಂತ ತಿಳಕೊಂಡಿದ್ದೆ" ಎಂದಳು ಅವಳು.

"ಬರಾಕ ಮನಸಿತ್ತು, ಮೈಯಾಗ ತ್ರಾಣ ಇರಲಿಲ್ಲ. ಹೇಳಿ ಕಳಸಾಕ ಆ ಕಡಿ ಹೋಗವರು ಯಾರೂ ಸಿಗಲಿಲ್ಲ."

"ಉಂಡೀಯೇನು?"

"ಇಲ್ಲ."

ಅವಳು ಸೆರಗು ಬಿಗಿದು ಒಲೆ ಹಚ್ಚಲು ಒಳಗೆ ಹೋದಳು. ನಾನು ಕಾಲುವೆಯ ಕಡೆ ನಡೆದೆ. ನೀರಿನಲ್ಲಿ ಕಾಲಿಟ್ಟು ಬಹಳ ಹೊತ್ತು ಕೂತಿದ್ದೆ. ಸಂತೋಷವಾಗಲಿಲ್ಲವೆಂದರೆ ಸುಳ್ಳು. ಆದರೆ ಆ ಸಂತೋಷದ ಪಕ್ಕದಲ್ಲೇ ಇನ್ನೊಂದು ಬಂದು ಕೂತಿತು: ಇನ್ನು ನನ್ನ ಬಾರಿಗೆ ಯಾರು?

ಮರುದಿನ ಮಾವಿನ ದಿಮ್ಮಿಗಳನ್ನು ಗಾಡಿಗೆ ಏರಿಸುವಾಗ ಹನುಮವ್ವ ಬಂದಳು. ನೀನು ಇಲ್ಲೇ ಇರು, ನಾನು ಹೋಗುತ್ತೇನೆ ಎಂದೆ. ಅವಳು ದಿಮ್ಮಿಗೆ ಹೆಗಲು ಕೊಡುತ್ತ, "ಭರಣಿ ಮುಗಿಸಿ ಬರ್ತೀನಂತ ಹೇಳೀನಿ. ಗಂಜಿ ಕಾಸಿ ಕೊಡಾಕ ಬಾಜು ಗುಡಿಸಲಾಕಿ ಅದಾಳ. ನಿಮಗ ಯಾರದಾರ?" ಎಂದಳು.

ನಾನು ಬೇಡ ಎನ್ನಬೇಕಾಗಿತ್ತು. ಎನ್ನಲಿಲ್ಲ.

ಮತ್ತೆ ಮಂಗಳೂರು

ಆ ದಿಮ್ಮಿಗಳಿಂದ ನಾವು ಮಾಡಿದ ಭರಣಿಗಳಲ್ಲಿ ಒಂದು ನನಗೆ ಬಹಳ ಇಷ್ಟವಾದದ್ದು. ಹೊಟ್ಟೆ ದೊಡ್ಡದು, ಕತ್ತು ಕಿರಿದು, ಕೈ ಹೋಗುವಷ್ಟೇ ಬಾಯಿ. ಅಷ್ಟು ದೊಡ್ಡದನ್ನು ಯಜಮಾನರೂ ಅಪರೂಪಕ್ಕೆ ಮಾಡುತ್ತಿದ್ದರು. ಹೊಟ್ಟೆ ತೆಗೆಯುವಾಗ ನಾವಿಬ್ಬರೂ ಮಾತಾಡಲಿಲ್ಲ. ಗೋಡೆ ತೆಳ್ಳಗಾದಂತೆ ಸದ್ದು ಹಗುರಾಗುತ್ತ ಬಂತು. ನಿಲ್ಲಿಸು ಎಂದು ನಾನು ಹೇಳುವ ಮೊದಲೇ ಅತ್ತ ಕಡೆಯಿಂದ ಬಾರು ನಿಧಾನವಾಯಿತು. ಅವಳಿಗೂ ಕೇಳಿಸಿತ್ತು. ಇಬ್ಬರೂ ಒಟ್ಟಿಗೆ ಕೈ ಬಿಟ್ಟೆವು. ಕುಸುಬಿ ಎಣ್ಣೆ ಉಜ್ಜಿ ಪಡಸಾಲೆಯ ಗೂಡಿನಲ್ಲಿ ಇಟ್ಟೆವು.

ಗಂಗಾವತಿ ಕಡೆ ಹೋಗುವ ಗಾಡಿ ಸಿಕ್ಕ ದಿನ ಹನುಮವ್ವ ಹೊರಟಳು. ನೀಲವ್ವನವರು ರೊಟ್ಟಿ ಕಟ್ಟಿಕೊಟ್ಟರು. ಅವಳು ಪಡಸಾಲೆಗೆ ಬಂದು ಬಾರನ್ನು ಗೂಟಕ್ಕೆ ಸುತ್ತಿಟ್ಟಳು.

"ಅಕ್ಕಾರ, ಇನ್ನ ನಿಮ್ಮ ಮಿಣಿ ಯಾರು ಎಳೀತಾರ?"

"ಯಾರಾದರೂ ಸಿಗುತ್ತಾರೆ."

"ಯಾರಾರ ಅಂದ್ರ ಆಗೂದಿಲ್ರಿ" ಎಂದಳು. ಆಮೇಲೆ ಗಾಡಿಯವನು ಕೂಗಿದ. ಅವಳು ಹೋಗಿ ಹತ್ತಿ, ಓಣಿ ತಿರುಗುವವರೆಗೂ ಹಿಂದಕ್ಕೆ ನೋಡಿಕೊಂಡೇ ಕೂತಿದ್ದಳು.

ಸಾವಕಾರರು ಬೇರೆ ಇಬ್ಬರು ಕೂಲಿಯವರನ್ನು ಕಳಿಸಿದರು. ನಾನು ಚೂರು ಮರ ಸಿಕ್ಕಿಸಿ ಅವರ ಕೈಗೂ ಉಳಿ ಕೊಟ್ಟು ಕಲಿಸಲು ನೋಡಿದೆ. ಒಬ್ಬಳಿಗೆ ನಗು ತಡೆಯಲಾಗಲಿಲ್ಲ. ಇನ್ನೊಬ್ಬಳಿಗೆ ತೋಳು ನೋವು ಬಂತು. ದೊಡ್ಡ ಭರಣಿ ಬಿಟ್ಟು ಲಟ್ಟಣಿಗೆ, ಸೌಟಿನ ಹಿಡಿ, ಸಣ್ಣ ಡಬ್ಬಿ ಮಾಡುತ್ತ ಕೂತೆ. ಸಂಜೆ ಕೆಲಸ ನಿಂತ ಮೇಲೆ ಆ ಪಡಸಾಲೆಯಲ್ಲಿ ಎತ್ತುಗಳು ಮೆಲುಕು ಹಾಕುವ ಸದ್ದು ಬಿಟ್ಟರೆ ಮತ್ತೊಂದಿರಲಿಲ್ಲ. ನೀಲವ್ವನವರು ಆಗಾಗ ಬಂದು, "ಬ್ಯಾಸರಾಗೈತೇನ ತಂಗಿ?" ಎನ್ನುತ್ತಿದ್ದರು. ನಾನು ಇಲ್ಲ ಎನ್ನುತ್ತಿದ್ದೆ. ಅವರು ನಂಬುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು.

ಕುಷ್ಟಗಿ

ಬಾರಿಗೆ ಜೊತೆ ಸಿಗದೆ ನಾನು ಚನ್ನಪಟ್ಟಣಕ್ಕೆ ಮರಳುವುದೆಂದಾಯಿತು. ಅದಕ್ಕೆ ಮೊದಲು ಸಾವಕಾರರು ನನ್ನನ್ನು ಕುಷ್ಟಗಿಯ ಸಂತೆಗೆ ಕರೆದುಕೊಂಡು ಹೋದರು. ಮಾಡಿದ ಸಾಮಾನನ್ನೆಲ್ಲ ಗೋಣಿ ತಾಟಿನ ಮೇಲೆ ಹರಡಿದರು. ನಡುವೆ ನನ್ನ ಆ ದೊಡ್ಡ ಭರಣಿ. ಅದನ್ನು ಮಾರುವುದಿಲ್ಲ, ತೋರಿಸುವುದಕ್ಕೆ ಮಾತ್ರ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಜನ ಬೆರಳಿನಿಂದ ಬಡಿದು ನೋಡುತ್ತಿದ್ದರು. ಮಾಡಿದವರು ಯಾರು ಎಂದು ಕೇಳಿದರೆ ಸಾವಕಾರರು, "ಮೈಸೂರು ಸೀಮಿಯವರು" ಎನ್ನುತ್ತಿದ್ದರು. ಹೆಂಗಸು ಎನ್ನುತ್ತಿರಲಿಲ್ಲ.

ಬಿಸಿಲು ನೆತ್ತಿಗೆ ಬಂದ ಹೊತ್ತಿಗೆ ಒಬ್ಬ ಬಸುರಿ ತನ್ನ ಅತ್ತೆಯೊಡನೆ ಬಂದಳು. ಮೊದಲ ಬಸಿರು, ದಿನ ತುಂಬುತ್ತ ಬಂದಿತ್ತು. ಕುಬಸ, ಅಂದರೆ ಸೀಮಂತ, ಮಾಡಿ ತೊಡಿಸಿದ ಹಸಿರು ಬಳೆ ಎರಡು ಕೈ ತುಂಬ ಇದ್ದವು. ಅವಳು ಭರಣಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ಒಳಗೂ ನುಣ್ಣಗ ಐತೇನ್ರಿ?" ಎಂದು ಕೇಳಿದಳು. ಉತ್ತರಕ್ಕೆ ಕಾಯದೆ ಬಳೆಗಳ ಸಮೇತ ಕೈಯನ್ನು ಒಳಗೆ ಇಳಿಸಿದಳು. ಗೋಡೆಯ ಮೇಲೆಲ್ಲ ಕೈಯಾಡಿಸಿದಳು. ಮುಖ ಅರಳಿತು.

ಕೈ ಹೊರಗೆ ಬರಲಿಲ್ಲ.

ಬಸುರಿಯ ಕೈಗಳು ಊದಿದ್ದವು. ಒಳಗೆ ಹೋಗುವಾಗ ಒತ್ತೊತ್ತಾಗಿ ಹೋಗಿದ್ದ ಬಳೆಗಳು ಬರುವಾಗ ಕತ್ತಿಗೆ ಅಡ್ಡವಾದವು. ಅವಳು ಮೊದಲು ನಕ್ಕಳು. ಇನ್ನೊಂದು ಸಲ ಎಳೆದಳು. ಎಳೆದಷ್ಟೂ ಊದಿತು. ನಾನು ಕುಸುಬಿ ಎಣ್ಣೆ ಹೊಯ್ದು, ಭರಣಿಯನ್ನು ಓರೆ ಮಾಡಿ, ಒಂದೊಂದೇ ಬಳೆ ಸರಿಸಲು ನೋಡಿದೆ. ಆಗಲಿಲ್ಲ. ಸುತ್ತ ಜನ ಸೇರಿದರು. ಬಿಸಿಲು, ಉಬ್ಬಸ. ಅವಳ ತುಟಿ ಬಿಳಿಚಿ ತಲೆ ಅತ್ತೆಯ ಎದೆಗೆ ವಾಲಿತು.

"ಬಳಿ ಒಡೀರಿ, ಒಳಗ ಕಡ್ಡಿ ಹಾಕಿ ಒಡೀರಿ" ಎಂದು ಯಾರೋ ಗಂಡಸು ಕೂಗಿದ.

"ಬ್ಯಾಡ್ರೋ ಯಪ್ಪಾ!" ಎಂದು ಅತ್ತೆ ಚೀರಿದಳು. "ಕುಬಸದ ಬಳಿ ಅವು. ಇಂಥಾ ಹೊತ್ತಿನಾಗ ಒಡಿಬಾರದು. ನಿಮ್ಮ ಕಾಲಿಗೆ ಬೀಳ್ತೀನಿ."

ಹುಡುಗಿ ಕಣ್ಣು ಬಿಟ್ಟು ನನ್ನ ಕೈಗಳನ್ನು ನೋಡಿದಳು. ನನ್ನ ಮುಂಗೈ ಬರಿದಾಗಿತ್ತು. ಅವಳಿಗೆ ಇನ್ನಷ್ಟು ಭಯವಾಯಿತು. ಅಳತೊಡಗಿದಳು.

ನಾನು ಸಾವಕಾರರ ಕಡೆ ತಿರುಗಿ, "ಭರಣಿ ಸೀಳುತ್ತೇನೆ" ಎಂದೆ.

"ಅಕ್ಕಾರ, ಅದೊಂದ ಐತಿ..." ಎಂದವರು, ಹುಡುಗಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಮಾವಿನ ಮರದ ಎಳೆ ಬಾಯಿಯಿಂದ ಬುಡಕ್ಕೆ ನೇರವಾಗಿ ಇಳಿದಿತ್ತು. ದಿಮ್ಮಿಯಿದ್ದಾಗಿನಿಂದ ಅದನ್ನು ಬಲ್ಲೆ. ಅವಳ ಕೈಯನ್ನು ಒಂದು ಮಗ್ಗುಲಿಗೆ ಸರಿಸಿ, ಅಲುಗಾಡಬೇಡ ಮಗಳೇ ಎಂದು ಹೇಳಿ, ಎದುರು ಮಗ್ಗುಲಿನ ಅಂಚಿಗೆ, ಜೊತೆಗೆ ತಂದಿದ್ದ ಚಪ್ಪಟೆ ಉಳಿ ಇಟ್ಟೆ. ಕೊಡತಿಯಿಂದ ಮೆಲ್ಲಗೆ ಬಡಿದೆ. ಮೊದಲ ಪೆಟ್ಟಿಗೆ ಏನೂ ಆಗಲಿಲ್ಲ. ಹನುಮವ್ವ ಮತ್ತು ನಾನು ಅಷ್ಟು ಗಟ್ಟಿಯಾಗಿ ಮಾಡಿದ್ದೆವು. ಮತ್ತೊಂದು ಪೆಟ್ಟಿಗೆ ಒಂದು ಸಣ್ಣ ಗೆರೆ ಕತ್ತಿನಿಂದ ಹೊಟ್ಟೆಗೆ ಓಡಿತು. ಉಳಿಯನ್ನು ಆ ಗೆರೆಯ ಗುಂಟ ಇಳಿಸುತ್ತ ಬಂದೆ. ಕೊನೆಗೆ ಅದು ನಿಟ್ಟುಸಿರು ಬಿಟ್ಟ ಹಾಗೆ ಸದ್ದು ಮಾಡಿ ಎರಡು ಹೋಳಾಯಿತು.

ಹುಡುಗಿಯ ಕೈ ಹೊರಗೆ ಬಂತು. ಅತ್ತೆ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಒಂದೂ ಬಿರುಕು ಬಿಟ್ಟಿರಲಿಲ್ಲ. ಜನ ಚದುರಿದರು. ಯಾರೋ ನೀರು ತಂದರು. ಹುಡುಗಿ ಕುಡಿದು, ಮುಖ ಒರೆಸಿಕೊಂಡು, "ನಿಮ್ಮ ಭಾಂಡಿ ಹಾಳಾತಲ್ರಿ" ಎಂದಳು.

ನಾನು ಅವಳ ಮಾತು ಕೇಳಿಸಿಕೊಳ್ಳುತ್ತಿರಲಿಲ್ಲ. ಒಂದು ಹೋಳು ನನ್ನ ತೊಡೆಯ ಮೇಲಿತ್ತು. ಭರಣಿಯ ಒಳಗನ್ನು ಮಾಡಿದವರು ಎಂದೂ ನೋಡುವುದಿಲ್ಲ. ಯಜಮಾನರು ಮಾಡಿದ ಅಷ್ಟೊಂದು ಭರಣಿಗಳಲ್ಲಿ ಒಂದರ ಒಳಗನ್ನೂ ನಾವು ಕಂಡಿರಲಿಲ್ಲ. ಈಗ ಬಿಸಿಲಿನಲ್ಲಿ ಅದು ತೆರೆದುಕೊಂಡು ಬಿದ್ದಿತ್ತು. ಸೀಳಿದ ಅಂಚಿನ ಮೇಲೆ ಹೆಬ್ಬೆರಳಿಟ್ಟು ಕತ್ತಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಬುಡಕ್ಕೆ ಇಳಿಸಿದೆ. ಗೋಡೆ ಎಲ್ಲಿಯೂ ದಪ್ಪವಾಗಲಿಲ್ಲ, ಎಲ್ಲಿಯೂ ತೆಳುವಾಗಲಿಲ್ಲ. ಹೊರಗಿನ ಬಾಗು ಹೇಗಿತ್ತೋ ಒಳಗಿನದೂ ಹಾಗೆಯೇ ಅದರ ಜೊತೆಗೆ ಇಳಿದಿತ್ತು. ಕತ್ತಲೆಯಲ್ಲಿ, ಬರಿ ಸದ್ದು ಹಿಡಿದು, ನಾವಿಬ್ಬರು ಅದನ್ನು ಮಾಡಿದ್ದೆವು.

ತಲೆಯೆತ್ತಿದೆ. ಸಾವಕಾರರು ಲಟ್ಟಣಿಗೆ ಕೇಳುವವರೊಡನೆ ಚೌಕಾಸಿ ಮಾಡುತ್ತಿದ್ದರು. ಸಂತೆ ತನ್ನ ಪಾಡಿಗೆ ಗದ್ದಲವೆಬ್ಬಿಸಿತ್ತು. ಆ ಹೋಳನ್ನು ಯಾರಿಗಾದರೂ ತೋರಿಸದೆ ಇರಲು ನನ್ನಿಂದ ಆಗಲಿಲ್ಲ. ಹುಡುಗಿಯ ಮುಂದೆ ಹಿಡಿದೆ.

"ನೋಡು ಮಗಳೇ, ಎಲ್ಲ ಕಡೆಗೂ ಒಂದೇ ದಪ್ಪ."

ಅವಳು ಮುಂಗೈ ತಿಕ್ಕಿಕೊಳ್ಳುತ್ತ ಒಂದು ಸಲ ನೋಡಿದಳು.

"ಹೌದ್ರೀ ಅಕ್ಕಾರ, ಭಾಳ ಛಲೋ ಐತಿ" ಎಂದಳು, ಪಾಪ, ನನ್ನ ಮನಸ್ಸಿಗೆ ನೋವಾಗದಿರಲೆಂದು. ಆಮೇಲೆ ಅತ್ತೆಯ ಹೆಗಲು ಹಿಡಿದು ಎದ್ದು, ಬಳೆ ಸದ್ದು ಮಾಡುತ್ತ, ಜನರ ನಡುವೆ ಹೊರಟು ಹೋದಳು.